ಟ್ಯಾಲಿಯಲ್ಲಿ ಗ್ರೂಪ್, ಉಪಗ್ರೂಪ್ ಹೇಗೆ ಕಟ್ಟಬೇಕು? ಅಕ್ಕಿ ಗಿರಣಿಯ 400 ಲೆಡ್ಜರ್‌ಗಳ ತಲೆನೋವು

ಗಂಗಾವತಿ ಗಿರಣಿ

ಎಲ್ಲರಿಗೂ ನಮಸ್ಕಾರ. ನಮ್ಮದು ಗಂಗಾವತಿ ಸಮೀಪದ ಅಕ್ಕಿ ಗಿರಣಿ. ಜೊತೆಗೆ ಎರಡು ಲಾರಿಗಳಿವೆ, ಊರೊಳಗೆ ಒಂದು ಚಿಲ್ಲರೆ ಅಂಗಡಿ ಇದೆ. ಅಣ್ಣ ಮತ್ತು ನಾನು ಪಾಲುದಾರರು. ಇಷ್ಟು ವರ್ಷ ಲೆಕ್ಕ ಬರೆಯುತ್ತಿದ್ದ ಗುಮಾಸ್ತರು ವಯಸ್ಸಾಯಿತೆಂದು ಕೆಲಸ ಬಿಟ್ಟಿದ್ದಾರೆ. ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶ ಈಗ ನನ್ನ ಪಾಲಿಗೆ ಬಂದಿದೆ.

ತೆರೆದು ನೋಡಿದರೆ 400ಕ್ಕೂ ಹೆಚ್ಚು ಲೆಡ್ಜರ್‌ಗಳು, ಅಂದರೆ ಖಾತೆಗಳು. ಖರ್ಚು ಎಂಬುದೆಲ್ಲ ಇನ್‌ಡೈರೆಕ್ಟ್ ಎಕ್ಸ್‌ಪೆನ್ಸಸ್ (ಪರೋಕ್ಷ ಖರ್ಚು) ಎಂಬ ಗ್ರೂಪ್ ಕೆಳಗೆ ಒಂದೇ ಸಾಲಿನಲ್ಲಿ ನಿಂತಿದೆ. ‘ಹಮಾಲಿ’, ‘ಹಮಾಲಿ ಖರ್ಚು’, ‘ಹಮಾಲರ ಕೂಲಿ’ ಎಂದು ಒಂದೇ ಬಾಬಿಗೆ ಮೂರು ಖಾತೆಗಳು. ಡೀಸೆಲ್, ಟೈರು, ಟೋಲ್, ಚಾಲಕರ ಭತ್ಯೆ ಎಲ್ಲಕ್ಕೂ ಲಾರಿ ನಂಬರ್ ಸೇರಿಸಿ ಎರಡೆರಡು ಲೆಡ್ಜರ್. ತೌಡು ಮಾರಿದ ಹಣ ಬ್ಯಾಂಕ್ ಬಡ್ಡಿಯ ಪಕ್ಕದಲ್ಲಿ ಇನ್‌ಡೈರೆಕ್ಟ್ ಇನ್‌ಕಮ್ಸ್‌ನಲ್ಲಿ ಕುಳಿತಿದೆ.

ಅಣ್ಣ ಕೇಳುವುದು ಒಂದೇ: ‘ಗಿರಣಿಯಲ್ಲಿ ಎಷ್ಟು ಉಳಿಯಿತು, ಲಾರಿಯಲ್ಲಿ ಎಷ್ಟು, ಅಂಗಡಿಯಲ್ಲಿ ಎಷ್ಟು?’ ಅದಕ್ಕಾಗಿ ನನಗೆ ಹೊಳೆದಿರುವುದು ಇಷ್ಟು: ಗಿರಣಿ, ಲಾರಿ, ಅಂಗಡಿ ಎಂದು ಮೂರು ದೊಡ್ಡ ಗ್ರೂಪ್ ಮಾಡುವುದು, ಪ್ರತಿಯೊಂದರ ಕೆಳಗೂ ಸಂಬಳ, ಕರೆಂಟು, ರಿಪೇರಿ, ಬಾಡಿಗೆ ಎಂದು ಲೆಡ್ಜರ್ ತೆರೆಯುವುದು. ಈ ದಾರಿ ಸರಿಯೇ? ಏಪ್ರಿಲ್ 1ರಿಂದ ಹೊಸದಾಗಿ ಶುರು ಮಾಡುವ ಆಲೋಚನೆ ಇದೆ.

ದಾವಣಗೆರೆ ಲೆಕ್ಕಿಗ

ದಯವಿಟ್ಟು ಹಾಗೆ ಮಾಡಬೇಡಿ. ಇಂದು ಮೂರು ಗ್ರೂಪ್, ಪ್ರತಿಯೊಂದರಲ್ಲೂ ಹತ್ತು ಲೆಡ್ಜರ್. ನಾಳೆ ಇನ್ನೊಂದು ಲಾರಿ ಬಂದರೆ ಮತ್ತೆ ಹತ್ತು. ವರ್ಷದ ಕೊನೆಗೆ ಆಡಿಟರ್ ‘ಒಟ್ಟು ಸಂಬಳ ಎಷ್ಟು ಕೊಟ್ಟಿರಿ?’ ಎಂದರೆ ಮೂರು ಕಡೆ ಹುಡುಕಿ ಕೂಡಬೇಕಾಗುತ್ತದೆ.

ಗ್ರೂಪಿನ ಮರ ಒಂದೇ ಪ್ರಶ್ನೆಗೆ ಉತ್ತರ ಕೊಡುತ್ತದೆ: ಇದು ಯಾವ ಬಗೆಯ ಖರ್ಚು, ಯಾವ ಬಗೆಯ ಆಸ್ತಿ, ಯಾವ ಬಗೆಯ ಸಾಲ? ಯಾವ ಲಾರಿಗೆ, ಯಾವ ಅಂಗಡಿಗೆ ಎಂಬುದು ಬೇರೆಯೇ ಪ್ರಶ್ನೆ. ಅದಕ್ಕೆ ಟ್ಯಾಲಿಯಲ್ಲಿ ಕಾಸ್ಟ್ ಸೆಂಟರ್ ಇದೆ, ಅಂದರೆ ಖರ್ಚು ಯಾವ ಘಟಕದ್ದು ಎಂದು ಗುರುತಿಸುವ ವಿಭಾಗ. ‘ಡೀಸೆಲ್’ ಎಂಬ ಲೆಡ್ಜರ್ ಒಂದೇ ಇರಲಿ, ಅದು ‘ಲಾರಿ ಖರ್ಚು’ ಎಂಬ ಉಪಗ್ರೂಪ್ ಕೆಳಗಿರಲಿ. ಲಾರಿ ನಂಬರ್‌ಗಳು ಕಾಸ್ಟ್ ಸೆಂಟರ್ ಆಗಲಿ. ವೋಚರ್ (ವ್ಯವಹಾರದ ನಮೂದು) ಹಾಕುವಾಗ ಡೀಸೆಲ್ ಮೊತ್ತ ಬರೆದ ಕೂಡಲೇ ಯಾವ ಲಾರಿಗೆ ಎಷ್ಟು ಎಂದು ಅದೇ ಕೇಳುತ್ತದೆ. F11 ಕೀಲಿ ಒತ್ತಿ ಬರುವ ಪಟ್ಟಿಯಲ್ಲಿ ಕಾಸ್ಟ್ ಸೆಂಟರ್ ಸೌಲಭ್ಯವನ್ನು ಚಾಲೂ ಮಾಡಿ, ಆಯಾ ಲೆಡ್ಜರ್‌ನಲ್ಲೂ ಅದು ಅನ್ವಯಿಸುತ್ತದೆ ಎಂದು ಗುರುತಿಸಿ. ಎರಡನೆಯದನ್ನು ಮರೆತವರೇ ‘ನನ್ನ ಟ್ಯಾಲಿ ಕೇಳುವುದೇ ಇಲ್ಲ’ ಎಂದು ಫೋನ್ ಮಾಡುತ್ತಾರೆ.

ನಾನು ಬಳಸುವ ಪರೀಕ್ಷೆ ಸರಳವಾದದ್ದು. ಒಂದು ಲೆಡ್ಜರ್ ಯಾವಾಗಲೂ ಒಂದೇ ಕಡೆಗೆ ಸೇರುವುದಾದರೆ ಉಪಗ್ರೂಪ್ ಮಾಡಿ. ಒಂದೇ ಖರ್ಚು ಇವತ್ತು ಇಲ್ಲಿಗೆ, ನಾಳೆ ಅಲ್ಲಿಗೆ ಸೇರುವುದಾದರೆ ಕಾಸ್ಟ್ ಸೆಂಟರ್. ಉದ್ರಿ ಗಿರಾಕಿಗಳನ್ನೇ ನೋಡಿ: ರಾಯಚೂರಿನ ವ್ಯಾಪಾರಿ ರಾಯಚೂರಿನವನೇ. ಆದ್ದರಿಂದ ಸಂಡ್ರಿ ಡೆಬ್ಟರ್ಸ್ ಕೆಳಗೆ ಊರುವಾರು ಉಪಗ್ರೂಪ್ ಚೆನ್ನಾಗಿ ಕೂಡುತ್ತದೆ, ವಸೂಲಿಗೆ ಹೊರಡುವ ಹುಡುಗನ ಕೈಗೆ ಆ ಊರಿನ ಪಟ್ಟಿಯನ್ನಷ್ಟೇ ಕೊಟ್ಟು ಕಳುಹಿಸಬಹುದು. ಡೀಸೆಲ್ ಹಾಗಲ್ಲ.

ದಾವಣಗೆರೆ ಲೆಕ್ಕಿಗ

ಇನ್ನೊಂದು ಮಾತು ಬಿಟ್ಟುಹೋಯಿತು. ಟ್ಯಾಲಿ ತಾನಾಗಿಯೇ 28 ಗ್ರೂಪ್‌ಗಳನ್ನು ಕೊಟ್ಟಿರುತ್ತದೆ: 15 ಮೂಲ ಗ್ರೂಪ್, 13 ಉಪಗ್ರೂಪ್. ಇವುಗಳ ಮೇಲೆ ಹೊಸ ಮೂಲ ಗ್ರೂಪ್ ಸೃಷ್ಟಿಸುವ ಉಸಾಬರಿ ಗಿರಣಿಗೆ ಬೇಡವೇ ಬೇಡ. ಇರುವುದರ ಕೆಳಗೆ ನಿಮ್ಮ ಉಪಗ್ರೂಪ್‌ಗಳನ್ನು ಕಟ್ಟಿಕೊಳ್ಳಿ.

ಅಕ್ಕಿ ಗಿರಣಿಯಲ್ಲಿ ಮೊದಲು ಸರಿಮಾಡಬೇಕಾದದ್ದು ಡೈರೆಕ್ಟ್ ಮತ್ತು ಇನ್‌ಡೈರೆಕ್ಟ್ ನಡುವಿನ ಗೆರೆ. ಭತ್ತ ಗಿರಣಿಯ ಒಳಗೆ ಬಂದು ಅಕ್ಕಿಯಾಗುವವರೆಗಿನ ಖರ್ಚು ಡೈರೆಕ್ಟ್: ಖರೀದಿಯ ಮೇಲಿನ ದಲಾಲಿ, ಎಪಿಎಂಸಿ ಶುಲ್ಕ, ಇಳಿಸುವ ಹಮಾಲಿ, ಒಳಬರುವ ಲಾರಿ ಬಾಡಿಗೆ, ಗಿರಣಿಯ ಜೆಸ್ಕಾಂ (ಕರೆಂಟು) ಬಿಲ್ಲು, ಗಿರಣಿ ಕೆಲಸಗಾರರ ಕೂಲಿ, ರಬ್ಬರ್ ರೋಲ್. ಅಕ್ಕಿ ತಯಾರಾದ ನಂತರದ್ದು, ಅಂದರೆ ಹೊರಹೋಗುವ ಬಾಡಿಗೆ, ಮಾರಾಟದ ದಲಾಲಿ, ಕಚೇರಿ ಸಂಬಳ, ಅಂಗಡಿಯ ಬಾಡಿಗೆ, ಇವು ಇನ್‌ಡೈರೆಕ್ಟ್. ಎಲ್ಲವನ್ನೂ ಇನ್‌ಡೈರೆಕ್ಟ್‌ನಲ್ಲಿ ಹಾಕಿದರೆ ನಿವ್ವಳ ಲಾಭವೇನೂ ಬದಲಾಗುವುದಿಲ್ಲ, ಆದರೆ ಒಟ್ಟು ಲಾಭದ (ಮಾರಾಟದಿಂದ ಖರೀದಿ ಮತ್ತು ಡೈರೆಕ್ಟ್ ಖರ್ಚು ಕಳೆದ ಮೊತ್ತದ) ಅಂಕಿ ಸುಳ್ಳು ಹೇಳುತ್ತದೆ.

ನಿಮ್ಮ ತೌಡಿನ ಕತೆಯಲ್ಲಿ ಇದೇ ಸುಳ್ಳು ಇನ್ನೊಂದು ದಿಕ್ಕಿಗೆ ತಿರುಗಿದೆ. ಸರ್ಕಾರಕ್ಕೆ ಭತ್ತ ಅರೆದುಕೊಡುವಾಗ ಕ್ವಿಂಟಲ್‌ಗೆ 67 ಕಿಲೊ ಅಕ್ಕಿ ಎಂದು ಲೆಕ್ಕ ಹಿಡಿಯುತ್ತಾರೆ, ಕುಸುಬಲಕ್ಕಿಗೆ 68. ಉಳಿದ ಮೂರನೆಯ ಒಂದು ಪಾಲಿನಲ್ಲಿ ತೌಡು ಮತ್ತು ಹೊಟ್ಟಿನದೇ ಹೆಚ್ಚು. ಭತ್ತದ ಪೂರ್ತಿ ಬೆಲೆಯನ್ನು ಖರೀದಿಯಲ್ಲಿ ತೋರಿಸಿ, ತೌಡಿನ ಹಣವನ್ನು ಬಡ್ಡಿಯ ಪಕ್ಕ ಕೂರಿಸಿದರೆ ಗಿರಣಿ ಸೊರಗಿದಂತೆ ಕಾಣುತ್ತದೆ. ಸೇಲ್ಸ್ ಅಕೌಂಟ್ಸ್ ಕೆಳಗೆ ‘ಉಪ ಉತ್ಪನ್ನಗಳ ಮಾರಾಟ’ ಎಂದು ಉಪಗ್ರೂಪ್ ಮಾಡಿ ತೌಡು, ನುಚ್ಚು, ಹೊಟ್ಟು ಮೂರನ್ನೂ ಅಲ್ಲಿಗೆ ತನ್ನಿ.

ತುಮಕೂರು ಹಾರ್ಡ್‌ವೇರ್

ಕ್ಷಮಿಸಿ, ನನಗೆ ಈ ಮರ, ಕೊಂಬೆಗಳ ಮೇಲೆ ಅಷ್ಟು ನಂಬಿಕೆ ಇಲ್ಲ. ನಮ್ಮ ತಂದೆಯವರು ಕಿರ್ದಿ, ಖತಾವಣಿ ಎರಡೇ ಪುಸ್ತಕಗಳಲ್ಲಿ ಮೂವತ್ತು ವರ್ಷ ವ್ಯಾಪಾರ ಮಾಡಿದರು. ನನ್ನ ಅಂಗಡಿಯಲ್ಲಿ ಖರ್ಚಿನ ಲೆಡ್ಜರ್ ಹದಿನೈದು ದಾಟಿಲ್ಲ, ಉಪಗ್ರೂಪ್ ಒಂದೂ ಇಲ್ಲ. ಲಾಭ-ನಷ್ಟ ಪಟ್ಟಿ ಒಂದು ಪರದೆಯಲ್ಲಿ ಮುಗಿಯುತ್ತದೆ. ಆಡಿಟರ್‌ಗಳು ತಮ್ಮ ಅನುಕೂಲಕ್ಕೆ ಕಟ್ಟಿಸುವ ರಚನೆಯನ್ನು ನಾವು ದಿನವೂ ಹೊರಬೇಕೇ? ಗಂಗಾವತಿಯವರು ಮೊದಲು 400ನ್ನು 80ಕ್ಕೆ ಇಳಿಸಲಿ, ಗ್ರೂಪಿನ ಮಾತು ಆಮೇಲೆ.

ದಾವಣಗೆರೆ ಲೆಕ್ಕಿಗ

ನಿಮ್ಮ ಅಂಗಡಿಗೆ ಅದು ಸರಿ, ವಾದ ಮಾಡುವುದಿಲ್ಲ. ಹದಿನೈದು ಲೆಡ್ಜರ್‌ಗೆ ಉಪಗ್ರೂಪ್ ಕಟ್ಟುವುದು ವ್ಯರ್ಥ. ಆದರೆ ಅವರ 400ರಲ್ಲಿ ಹೆಚ್ಚಿನವು ದಲಾಲರು, ರೈತರು, ಗಿರಾಕಿಗಳ ಖಾತೆಗಳೇ ಇರುತ್ತವೆ. ಅವನ್ನು 80ಕ್ಕೆ ಇಳಿಸಲು ಬರುವುದಿಲ್ಲ, ಜೋಡಿಸಲು ಮಾತ್ರ ಬರುತ್ತದೆ.

ಶಿವಮೊಗ್ಗ ತೆರಿಗೆ ಸಲಹೆಗಾರ್ತಿ

ಗಂಗಾವತಿಯವರೇ, ಏನನ್ನಾದರೂ ಮುಟ್ಟುವ ಮೊದಲು ಇದನ್ನು ಓದಿ. ಟ್ಯಾಲಿಯಲ್ಲಿ ಲೆಡ್ಜರ್ ತೆರೆದು ‘ಅಂಡರ್’ ಎಂಬಲ್ಲಿ ಗ್ರೂಪ್ ಬದಲಾಯಿಸಿದರೆ ಬದಲಾಗುವುದು ಈ ವರ್ಷದ ಲೆಕ್ಕ ಮಾತ್ರವಲ್ಲ. ಅದೇ ಕಂಪನಿ ಫೈಲಿನಲ್ಲಿ ಹಳೆಯ ವರ್ಷಗಳಿದ್ದರೆ ಅವುಗಳ ಪಟ್ಟಿಯೂ ಹೊಸ ಗ್ರೂಪಿನಂತೆಯೇ ಮೂಡುತ್ತದೆ. ಸಹಿ ಆಗಿ, ರಿಟರ್ನ್ ಸಲ್ಲಿಸಿ, ಬ್ಯಾಂಕಿಗೂ ಕೊಟ್ಟ ಬ್ಯಾಲೆನ್ಸ್ ಶೀಟ್ ಒಂದು ರೀತಿ, ಪರದೆಯ ಮೇಲೆ ಕಾಣುವುದು ಇನ್ನೊಂದು ರೀತಿ ಆಗಿಬಿಡುತ್ತದೆ. ಅಧಿಕಾರಿಯೊಬ್ಬರು ಎರಡು ವರ್ಷದ ನಂತರ ಒಟ್ಟು ಲಾಭದ ಪ್ರಮಾಣ ಕೇಳಿದಾಗ ಯಾವುದನ್ನು ತೋರಿಸುತ್ತೀರಿ?

ಆದಾಯ ಮತ್ತು ಖರ್ಚಿನ ಲೆಡ್ಜರ್‌ಗಳನ್ನು ಸರಿಸುವ ಅಗತ್ಯವೇ ಇಲ್ಲ. ಅವು ಏಪ್ರಿಲ್ 1ಕ್ಕೆ ಸೊನ್ನೆಯಿಂದ ಶುರುವಾಗುತ್ತವೆ. ಹೊಸ ಉಪಗ್ರೂಪ್, ಅದರ ಕೆಳಗೆ ಹೊಸ ಲೆಡ್ಜರ್ ತೆರೆದು ಹೊಸ ವರ್ಷದ ವೋಚರ್‌ಗಳನ್ನೆಲ್ಲ ಅದರಲ್ಲೇ ಹಾಕಿ. ಹಳೆಯದು ಹಳೆಯ ವರ್ಷದಲ್ಲೇ ಉಳಿಯಲಿ. ವೋಚರ್ ಇರುವ ಲೆಡ್ಜರ್‌ಗಳನ್ನು ಅಳಿಸಲು ಟ್ಯಾಲಿ ಬಿಡುವುದಿಲ್ಲ, ಹಾಗಾಗಿ ಹಳೆಯವುಗಳ ಹೆಸರಿನ ಮುಂದೆ ‘ಹಳೆಯದು’ ಎಂದು ಸೇರಿಸಿ ಗುರುತು ಮಾಡಿಬಿಡಿ.

ದಾವಣಗೆರೆ ಲೆಕ್ಕಿಗ

ಮೇಡಂ, ಇಲ್ಲಿ ನನಗೆ ಭಿನ್ನಾಭಿಪ್ರಾಯ ಇದೆ. ಹೊಸ ಲೆಡ್ಜರ್ ತೆರೆದರೆ ಕಳೆದ ವರ್ಷದ ಹಮಾಲಿ ಒಂದು ಸಾಲಿನಲ್ಲಿ, ಈ ವರ್ಷದ್ದು ಇನ್ನೊಂದು ಸಾಲಿನಲ್ಲಿ ಬರುತ್ತದೆ. ಎರಡು ವರ್ಷ ಪಕ್ಕಪಕ್ಕ ಇಟ್ಟು ನೋಡುವ ಸೌಲಭ್ಯವೇ ಹೋಯಿತು. ಇವರಿಗೆ ಬೇಕಾಗಿರುವುದು ಹೋಲಿಕೆಯೇ ತಾನೇ? ಹಳೆಯ ಫೈಲಿನ ಬ್ಯಾಕಪ್ ತೆಗೆದು, ಸಹಿ ಆದ ಪಟ್ಟಿಗಳ ಪಿಡಿಎಫ್ ಇಟ್ಟುಕೊಂಡು, ಧೈರ್ಯವಾಗಿ ಲೆಡ್ಜರ್‌ಗಳನ್ನೇ ಸರಿಸಲಿ ಎನ್ನುತ್ತೇನೆ. ಮೂರು ಹಮಾಲಿಗಳೂ ‘ಹಮಾಲಿ’ ಎಂಬ ಒಂದೇ ಉಪಗ್ರೂಪ್ ಕೆಳಗೆ ಬಂದರೆ ಒಟ್ಟು ಮೊತ್ತ ಎರಡೂ ವರ್ಷಕ್ಕೆ ಸರಿಯಾಗಿ ಕಾಣುತ್ತದೆ. ವೋಚರ್‌ಗಳನ್ನು ಮುಟ್ಟಬೇಕಾಗಿಲ್ಲ. ಉಪಗ್ರೂಪಿನ ದೊಡ್ಡ ಉಪಕಾರವೇ ಇದು. ಲೆಡ್ಜರ್‌ಗಳನ್ನು ಒಂದೊಂದಾಗಿ ತೆರೆಯುವುದೂ ಬೇಡ, ಚಾರ್ಟ್ ಆಫ್ ಅಕೌಂಟ್ಸ್‌ನಲ್ಲಿ ಮಲ್ಟಿ ಮಾಸ್ಟರ್ಸ್ ಮೂಲಕ ಒಂದೇ ಪರದೆಯಲ್ಲಿ ಬದಲಾಯಿಸಬಹುದು.

ಶಿವಮೊಗ್ಗ ತೆರಿಗೆ ಸಲಹೆಗಾರ್ತಿ

ಬ್ಯಾಕಪ್ ತೆಗೆಯುತ್ತೇನೆಂದು ಎಲ್ಲರೂ ಹೇಳುತ್ತಾರೆ ಸರ್. ಮೂರು ವರ್ಷದ ನಂತರ ಆ ಪೆನ್‌ಡ್ರೈವ್ ಎಲ್ಲಿದೆ ಎಂದು ಕೇಳಿ ನೋಡಿ.

ಆದರೂ ಹೋಲಿಕೆಯ ಮಾತಿನಲ್ಲಿ ಅರ್ಥವಿದೆ. ಹಾಗಾದರೆ ನಡುದಾರಿ ಹೀಗಿರಲಿ: ಇನ್‌ಡೈರೆಕ್ಟ್ ಒಳಗೇ ಉಪಗ್ರೂಪ್ ಮಾಡಿ ಜೋಡಿಸುವ ಲೆಡ್ಜರ್‌ಗಳನ್ನು ಸರಿಸಲಿ, ಅದರಿಂದ ಹಳೆಯ ಒಟ್ಟು ಲಾಭ ಕದಲುವುದಿಲ್ಲ. ಇನ್‌ಡೈರೆಕ್ಟ್‌ನಿಂದ ಡೈರೆಕ್ಟ್‌ಗೆ ಗೆರೆ ದಾಟುವಂಥವನ್ನು ಮಾತ್ರ ಹೊಸದಾಗಿ ತೆರೆಯಲಿ. ತೌಡಿನ ಮಾರಾಟವೂ ಗೆರೆ ದಾಟುವ ಗುಂಪಿನದೇ.

ಇದು ಪಾಲುದಾರಿಕೆ ಸಂಸ್ಥೆಯ ಮಾತು. ಕಂಪನಿ ಕಾಯ್ದೆಯಡಿ ನೋಂದಣಿಯಾದವರು ಓದುತ್ತಿದ್ದರೆ ನೆನಪಿರಲಿ, 2023ರ ಏಪ್ರಿಲ್ 1ರಿಂದ ಪ್ರತಿ ತಿದ್ದುಪಡಿಯ ಜಾಡು ಉಳಿಸುವ ತಂತ್ರಾಂಶವೇ ಬೇಕು, ಆ ಜಾಡನ್ನು ನಿಲ್ಲಿಸುವಂತೆಯೂ ಇಲ್ಲ.

ದಾವಣಗೆರೆ ಲೆಕ್ಕಿಗ

ಇದಕ್ಕೆ ನನ್ನ ತಕರಾರಿಲ್ಲ.

ಮೈಸೂರು ಅಗರಬತ್ತಿ

ನಾನು ಟ್ಯಾಲಿಯವನಲ್ಲ. ಮೊದಲು ಕ್ವಿಕ್‌ಬುಕ್ಸ್ ಬಳಸುತ್ತಿದ್ದೆ. 2023ರಲ್ಲಿ ಅದು ಭಾರತದಲ್ಲಿ ಸೇವೆ ನಿಲ್ಲಿಸಿದ್ದರಿಂದ ಜೋಹೊ ಬುಕ್ಸ್‌ಗೆ ಬಂದೆ. ಅಲ್ಲಿ ಗ್ರೂಪ್, ಲೆಡ್ಜರ್ ಎಂಬ ಭೇದ ಇಲ್ಲ. ಎಲ್ಲವೂ ಖಾತೆಗಳೇ. ಒಂದು ಖಾತೆ ತೆರೆಯುವಾಗ ‘ಇದನ್ನು ಉಪಖಾತೆ ಮಾಡಿ’ ಎಂಬ ಚೌಕಕ್ಕೆ ಗುರುತು ಹಾಕಿ, ಅದರ ಮೇಲಿನ ಮುಖ್ಯ ಖಾತೆಯನ್ನು ಆರಿಸುತ್ತೇವೆ. ಎರಡೂ ಒಂದೇ ಬಗೆಯವಾಗಿರಬೇಕು. ಖರ್ಚಿನ ಖಾತೆಯನ್ನು ಆಸ್ತಿಯ ಕೆಳಗೆ ಕೂರಿಸಲು ಅದು ಒಪ್ಪುವುದಿಲ್ಲ.

ದಾವಣಗೆರೆಯವರು ಹೇಳಿದ ಕಾಸ್ಟ್ ಸೆಂಟರ್‌ನ ಜಾಗದಲ್ಲಿ ಅಲ್ಲಿ ರಿಪೋರ್ಟಿಂಗ್ ಟ್ಯಾಗ್ ಇದೆ. ಸುಗಂಧದ್ರವ್ಯ, ಬಿದಿರುಕಡ್ಡಿ, ಪ್ಯಾಕಿಂಗ್ ಎಂದು ಉಪಖಾತೆಗಳು, ಯಾವ ಬ್ರ್ಯಾಂಡಿಗೆ ಎಂಬುದಕ್ಕೆ ಟ್ಯಾಗ್. ತಂತ್ರಾಂಶ ಬದಲಾದರೂ ಪ್ರಶ್ನೆ ಬದಲಾಗಿಲ್ಲ.

ಶಾರ್ಜಾ ಕನ್ನಡಿಗ

ಇಲ್ಲಿ ನಾನು ಕ್ವಿಕ್‌ಬುಕ್ಸ್ ಬಳಸುತ್ತೇನೆ, ಚಿಕ್ಕ ದಿನಸಿ ಅಂಗಡಿ. ‘ವಾಹನ’ ಎಂಬ ಮುಖ್ಯ ಖಾತೆಯ ಕೆಳಗೆ ಇಂಧನ, ಸರ್ವಿಸ್, ಸಾಲಿಕ್ ಟೋಲ್ ಎಂದು ಉಪಖಾತೆಗಳಿವೆ. ವರದಿಯಲ್ಲಿ ಈ ಮೂರರ ಮೊತ್ತ ಕೂಡಿದರೆ ಮುಖ್ಯ ಖಾತೆಯ ಒಟ್ಟು ಬರುತ್ತಿಲ್ಲ. ಹೆಚ್ಚುವರಿ ಮೊತ್ತ ಎಲ್ಲಿಂದ ಬರುತ್ತಿದೆ?

ಮೈಸೂರು ಅಗರಬತ್ತಿ

ಯಾರೋ ನೇರವಾಗಿ ಮುಖ್ಯ ಖಾತೆಗೇ ಬರೆದಿದ್ದಾರೆ ಅಣ್ಣನವರೆ. ಇಂಥ ತಂತ್ರಾಂಶಗಳಲ್ಲಿ ಮುಖ್ಯ ಖಾತೆಗೂ ನಮೂದು ಹಾಕಬಹುದು. ಟ್ಯಾಲಿಯಲ್ಲಿ ಗ್ರೂಪ್‌ಗೆ ನಮೂದು ಹಾಕಲು ಬರುವುದೇ ಇಲ್ಲ, ಲೆಡ್ಜರ್‌ಗೇ ಹಾಕಬೇಕು. ಆ ಒಂದು ವಿಷಯದಲ್ಲಿ ಟ್ಯಾಲಿಯ ಕಟ್ಟುನಿಟ್ಟು ನನಗೆ ಇಷ್ಟ. ಮುಖ್ಯ ಖಾತೆಯನ್ನು ತೆರೆದು ಅದರಲ್ಲೇ ಇರುವ ನಮೂದುಗಳನ್ನು ಸರಿಯಾದ ಉಪಖಾತೆಗೆ ಬದಲಾಯಿಸಿ. ಇನ್ನು ಮುಂದೆ ಮುಖ್ಯ ಖಾತೆಯನ್ನು ಬರೀ ಶೀರ್ಷಿಕೆ ಎಂದೇ ತಿಳಿಯಬೇಕೆಂದು ಬಿಲ್ಲು ಹಾಕುವವರಿಗೆ ಹೇಳಿಬಿಡಿ.

ಗಂಗಾವತಿ ಗಿರಣಿ

ಎಲ್ಲರ ಮಾತುಗಳನ್ನೂ ಅಣ್ಣನಿಗೆ ಓದಿ ಹೇಳಿದೆ. ಅವನ ಎರಡು ಪ್ರಶ್ನೆಗಳಿವೆ. ಒಂದು, ನಮ್ಮ ಲಾರಿಯೇ ಕಾರಟಗಿಯಿಂದ ಭತ್ತ ತರುತ್ತದೆ, ಅದೇ ಲಾರಿ ಬೆಂಗಳೂರಿಗೆ ಅಕ್ಕಿ ಒಯ್ಯುತ್ತದೆ. ಡೀಸೆಲ್ ಡೈರೆಕ್ಟೋ, ಇನ್‌ಡೈರೆಕ್ಟೋ? ಎರಡು, ಅಂಗಡಿಗೆ ಕಾಸ್ಟ್ ಸೆಂಟರ್ ಮಾಡಿದರೆ ಅಂಗಡಿಯ ಲಾಭ ನೇರವಾಗಿ ಸಿಗುತ್ತದೆಯೇ?

ನನ್ನದೂ ಒಂದು ಸೇರಿಸುತ್ತೇನೆ. ಬ್ಯಾಂಕಿನ ಸಿಸಿ (ಕ್ಯಾಶ್ ಕ್ರೆಡಿಟ್) ಸಾಲದ ಖಾತೆ ಈಗ ಬ್ಯಾಂಕ್ ಅಕೌಂಟ್ಸ್ ಗ್ರೂಪಿನಲ್ಲಿದ್ದು ಆಸ್ತಿಯ ಕಡೆ ಮೈನಸ್ ಮೊತ್ತ ತೋರಿಸುತ್ತಿದೆ. ಇದು ಸರಿಯೇ?

ದಾವಣಗೆರೆ ಲೆಕ್ಕಿಗ

ಸಿಸಿ ಖಾತೆಯಿಂದ ಶುರು ಮಾಡುತ್ತೇನೆ, ಅದು ಸುಲಭ. ಅದನ್ನು ಬ್ಯಾಂಕ್ ಓಡಿ (ಓವರ್‌ಡ್ರಾಫ್ಟ್) ಗ್ರೂಪಿಗೆ ಸರಿಸಿ. ಆ ಗ್ರೂಪ್ ಸಾಲಗಳ ಕೆಳಗಿದೆ, ಸಿಸಿಯ ಜಾಗ ಅದೇ. ಮ್ಯಾನೇಜರ್ ನಿಮ್ಮ ಬ್ಯಾಲೆನ್ಸ್ ಶೀಟ್ ನೋಡುವಾಗ ಚಾಲ್ತಿ ಆಸ್ತಿಯಲ್ಲಿ ಮೈನಸ್ ಕಂಡರೆ ಮೊದಲ ಪ್ರಶ್ನೆ ಅಲ್ಲಿಂದಲೇ ಬರುತ್ತದೆ. ಪ್ರತಿ ತಿಂಗಳು ಕೊಡುವ ಸ್ಟಾಕ್ ಸ್ಟೇಟ್‌ಮೆಂಟ್‌ಗೂ ಗ್ರೂಪ್‌ಗಳು ಸರಿಯಿದ್ದರೆ ದಾಸ್ತಾನು, ಬರಬೇಕಾದ ಬಾಕಿ, ಕೊಡಬೇಕಾದ ಬಾಕಿ ಮೂರೂ ಒಂದೊಂದು ಸಾಲಿನಲ್ಲಿ ಸಿಗುತ್ತವೆ.

ಲಾರಿಯ ಡೀಸೆಲ್ ಒಡೆಯಲು ಹೋಗಬೇಡಿ. ಕಾರಟಗಿ ಓಡಾಟಕ್ಕೆ ಎಷ್ಟು ಲೀಟರ್, ಬೆಂಗಳೂರಿಗೆ ಎಷ್ಟು ಎಂದು ಬರೆದಿಡುವ ಚಾಲಕರನ್ನು ನಾನಂತೂ ಕಂಡಿಲ್ಲ. ಅಂದಾಜಿನ ಅಂಕಿಯನ್ನು ಪೈಸೆಯವರೆಗೆ ಹಂಚಿದರೆ ಅದು ನಿಖರತೆ ಆಗುವುದಿಲ್ಲ. ‘ಲಾರಿ ಖರ್ಚು’ ಎಂಬ ಒಂದೇ ಉಪಗ್ರೂಪ್ ಮಾಡಿ ಇನ್‌ಡೈರೆಕ್ಟ್‌ನಲ್ಲೇ ಇಡಿ, ಪ್ರತಿ ವರ್ಷ ಅಲ್ಲೇ ಇರಲಿ. ಹೊರಗಿನವರಿಗೆ ಬಾಡಿಗೆಗೆ ಓಡಿಸಿದರೆ ಆ ಆದಾಯಕ್ಕೂ ಅದೇ ಲಾರಿಯ ಕಾಸ್ಟ್ ಸೆಂಟರ್ ಕೊಡಿ. ನಿಮ್ಮದೇ ಭತ್ತ, ಅಕ್ಕಿ ಸಾಗಿಸಿದ್ದಕ್ಕೆ ಮಾರುಕಟ್ಟೆಯ ಬಾಡಿಗೆ ದರ ಹಾಕಿ ಪುಸ್ತಕದ ಹೊರಗೆ ಒಂದು ಹಾಳೆಯಲ್ಲಿ ಲೆಕ್ಕ ಮಾಡಿದರೆ ಲಾರಿ ಉಳಿಸುತ್ತಿದೆಯೋ ಇಲ್ಲವೋ ಎಂಬುದು ಅಣ್ಣನಿಗೆ ತಿಳಿಯುತ್ತದೆ.

ಅಂಗಡಿಯದ್ದೂ ಹಾಗೆಯೇ. ಕಾಸ್ಟ್ ಸೆಂಟರ್ ಅಂಗಡಿಯ ಮಾರಾಟ, ಬಾಡಿಗೆ, ಸಂಬಳಗಳನ್ನು ಹೇಳುತ್ತದೆ. ಗಿರಣಿಯಿಂದ ಅಂಗಡಿಗೆ ಹೋದ ಅಕ್ಕಿಯ ಬೆಲೆ ಅದಕ್ಕೆ ತಿಳಿಯದು, ಏಕೆಂದರೆ ನಿಮಗೆ ನೀವೇ ಮಾರಿಕೊಳ್ಳುವುದಿಲ್ಲ. ಅಂಗಡಿಯನ್ನು ಬೇರೆ ಗೋಡೌನ್ ಮಾಡಿದರೆ ಎಷ್ಟು ಕ್ವಿಂಟಲ್ ಹೋಯಿತು ಎಂಬುದು ಸಿಗುತ್ತದೆ. ಅದನ್ನು ಆ ತಿಂಗಳ ಸಗಟು ದರದಿಂದ ಗುಣಿಸಿ ಅಂಗಡಿಯ ಮಾರಾಟದಿಂದ ಕಳೆಯಿರಿ. ಗಿರಣಿಗೆ ಎಷ್ಟು, ಅಂಗಡಿಗೆ ಎಷ್ಟು ಎಂದು ಯಾವ ಗ್ರೂಪ್ ರಚನೆಯೂ ತಾನಾಗಿ ಹೇಳುವುದಿಲ್ಲ.

ಶಿವಮೊಗ್ಗ ತೆರಿಗೆ ಸಲಹೆಗಾರ್ತಿ

ಮಾರಾಟದ ಲೆಡ್ಜರ್‌ಗಳ ಬಗ್ಗೆ ಯಾರೂ ಹೇಳಲಿಲ್ಲ. ಅಕ್ಕಿಯವರಿಗೆ ಇದು ಬಹಳ ಮುಖ್ಯ. 2022ರ ಜುಲೈ 18ರಿಂದ 25 ಕಿಲೊವರೆಗಿನ, ಮೊದಲೇ ತುಂಬಿ ಲೇಬಲ್ ಹಾಕಿದ ಅಕ್ಕಿ ಚೀಲಕ್ಕೆ ಶೇ 5 ಜಿಎಸ್‌ಟಿ ಇದೆ. ಅದಕ್ಕಿಂತ ದೊಡ್ಡ ಚೀಲಕ್ಕೆ, ಬಿಡಿ ಅಕ್ಕಿಗೆ ಇಲ್ಲ. 26 ಕಿಲೊ ಚೀಲ ಎಲ್ಲ ಅಂಗಡಿಗಳಲ್ಲಿ ಏಕೆ ಕಾಣಿಸಿಕೊಂಡಿತು ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆದ್ದರಿಂದ ಸೇಲ್ಸ್ ಅಕೌಂಟ್ಸ್ ಕೆಳಗೆ ತೆರಿಗೆ ಇರುವ ಅಕ್ಕಿ, ತೆರಿಗೆ ಇಲ್ಲದ ಅಕ್ಕಿ ಎಂದು ಎರಡು ಲೆಡ್ಜರ್ ಇರಲೇಬೇಕು. ಗಿರಣಿಯ ಬಿಡಿಭಾಗಗಳು, ಆಡಿಟ್ ಶುಲ್ಕದಂಥ ಎರಡಕ್ಕೂ ಸಾಮಾನ್ಯವಾದ ಖರ್ಚಿನ ಮೇಲೆ ಕಟ್ಟಿದ ತೆರಿಗೆಯಲ್ಲಿ, ತೆರಿಗೆ ಇಲ್ಲದ ಮಾರಾಟದ ಪಾಲಿನಷ್ಟನ್ನು ಹಿಂದಿರುಗಿಸಬೇಕಾಗುತ್ತದೆ. ಮಾರಾಟ ಬೇರ್ಪಟ್ಟಿಲ್ಲದಿದ್ದರೆ ಆ ಲೆಕ್ಕ ಪ್ರತಿ ತಿಂಗಳು ಕೈಯಲ್ಲೇ ಮಾಡಬೇಕು.

ಖರೀದಿಯನ್ನೂ ಒಡೆಯಿರಿ: ರೈತರಿಂದ ನೇರ ಖರೀದಿ ಒಂದು, ದಲಾಲರ ಮೂಲಕ ಇನ್ನೊಂದು. ಒಬ್ಬರಿಗೆ ಒಂದು ದಿನದಲ್ಲಿ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಆದಾಯ ತೆರಿಗೆಯಲ್ಲಿ ಆ ಖರ್ಚನ್ನು ಒಪ್ಪುವುದಿಲ್ಲ. ಬೆಳೆದ ರೈತನಿಗೇ ಅವನ ಫಸಲಿಗೆ ಕೊಟ್ಟ ಹಣಕ್ಕೆ ವಿನಾಯಿತಿ ಇದೆ, ದಲಾಲನಿಗೆ ಕೊಟ್ಟದ್ದಕ್ಕೆ ಹಾಗೆ ಹೇಳಲು ಬರುವುದಿಲ್ಲ. ಎರಡೂ ಒಂದೇ ‘ಭತ್ತ ಖರೀದಿ’ಯಲ್ಲಿ ಬೆರೆತಿದ್ದರೆ ವಿನಾಯಿತಿ ಸಾಬೀತು ಮಾಡುವಷ್ಟರಲ್ಲಿ ಸಾಕುಸಾಕಾಗುತ್ತದೆ.

ಸಂಡ್ರಿ ಕ್ರೆಡಿಟರ್ಸ್ (ನೀವು ಹಣ ಕೊಡಬೇಕಾದವರು) ಕೆಳಗೂ ಒಂದು ಉಪಗ್ರೂಪ್ ಬೇಕು: ಉದ್ಯಮ್ (ಸಣ್ಣ ಉದ್ಯಮಗಳ ಸರ್ಕಾರಿ) ನೋಂದಣಿ ಇರುವ ಕಿರು, ಸಣ್ಣ ತಯಾರಕರು ಮತ್ತು ಸೇವೆ ಕೊಡುವವರು. ಚೀಲ ತಯಾರಿಸುವವರು, ಯಂತ್ರ ರಿಪೇರಿಯವರು ಇದರಲ್ಲಿ ಬರಬಹುದು. ಕರಾರು ಇಲ್ಲದಿದ್ದರೆ 15 ದಿನ, ಇದ್ದರೆ ಹೆಚ್ಚೆಂದರೆ 45 ದಿನದೊಳಗೆ ಅವರ ಹಣ ಸಂದಾಯವಾಗಬೇಕು. ಗಡುವು ಮೀರಿ ಮಾರ್ಚ್ 31ಕ್ಕೂ ಬಾಕಿ ಉಳಿದರೆ, 2023-24ರಿಂದ ಆ ಖರ್ಚು ಹಣ ಕೊಟ್ಟ ವರ್ಷಕ್ಕೇ ಹೋಗುತ್ತದೆ. ಬರೀ ವ್ಯಾಪಾರಿಗಳಾಗಿ ನೋಂದಾಯಿಸಿಕೊಂಡವರು ಇದರಲ್ಲಿ ಬರುವುದಿಲ್ಲ, ಅವರನ್ನು ಸೇರಿಸಬೇಡಿ.

ತುಮಕೂರು ಹಾರ್ಡ್‌ವೇರ್

ಈ ಕೊನೆಯದನ್ನು ನಾನೂ ಮಾಡುತ್ತೇನೆ. ಉಪಗ್ರೂಪ್ ಇಲ್ಲ ಎಂದಿದ್ದೆ, ಇನ್ನು ಒಂದು ಇರುತ್ತದೆ.

ಆದರೆ ನನ್ನ ಮೂಲ ಆಕ್ಷೇಪಕ್ಕೆ ಉತ್ತರ ಬರಲಿಲ್ಲ. ಇಷ್ಟು ಚೆಂದವಾಗಿ ಕಟ್ಟಿದ್ದನ್ನು ಕೆಡಿಸುವುದು ಬಿಲ್ಲು ಹಾಕುವ ಹುಡುಗ. ವೋಚರ್ ಮಧ್ಯದಲ್ಲಿ ಆಲ್ಟ್ ಮತ್ತು ಸಿ ಒತ್ತಿದರೆ ಹೊಸ ಲೆಡ್ಜರ್ ಹುಟ್ಟುತ್ತದೆ. ಹೆಸರು ಹುಡುಕುವ ತಾಳ್ಮೆ ಇಲ್ಲದವನು ‘ಹಮಾಲಿ 2’ ಎಂದು ತೆರೆದು ಮುಂದೆ ಹೋಗುತ್ತಾನೆ. ಆ 400 ಹುಟ್ಟಿದ್ದೂ ಹೀಗೆಯೇ ಇರಬೇಕು.

ದಾವಣಗೆರೆ ಲೆಕ್ಕಿಗ

ಅದಕ್ಕೆ ಮದ್ದು ಇದೆ. ಬಿಲ್ಲು ಹಾಕುವವರಿಗೆ ಬೇರೆ ಬಳಕೆದಾರ ಹೆಸರು ಕೊಟ್ಟು, ಲೆಡ್ಜರ್ ತೆರೆಯುವ ಹಾಗೂ ತಿದ್ದುವ ಹಕ್ಕನ್ನು ತೆಗೆದುಹಾಕಿ. ಹೊಸ ಬಾಬು ಬಂದರೆ ಆ ಮೊತ್ತವನ್ನು ಸಸ್ಪೆನ್ಸ್ ಎಂಬ ತಾತ್ಕಾಲಿಕ ಖಾತೆಗೆ ಹಾಕಿ ವಿವರಣೆ ಬರೆಯಲಿ. ವಾರಕ್ಕೊಮ್ಮೆ ಯಜಮಾನರು ಸಸ್ಪೆನ್ಸ್ ತೆರೆದು ಹಂಚಲಿ. ವಾರಕ್ಕೊಮ್ಮೆ ಎಂಬುದನ್ನು ಒತ್ತಿ ಹೇಳುತ್ತೇನೆ. ಮಾರ್ಚ್ ತನಕ ಬಿಟ್ಟರೆ ಸಸ್ಪೆನ್ಸ್ ತಾನೇ ಒಂದು ದೊಡ್ಡ ಖಾತೆಯಾಗಿ ಬ್ಯಾಲೆನ್ಸ್ ಶೀಟಿನಲ್ಲಿ ಕುಳಿತುಬಿಡುತ್ತದೆ.

ಗಂಗಾವತಿ ಗಿರಣಿ

ಹಾಗಾದರೆ ಹೀಗೆ ಮಾಡುತ್ತೇನೆ. ಡೈರೆಕ್ಟ್ ಕೆಳಗೆ ‘ಖರೀದಿ ಖರ್ಚು’ ಮತ್ತು ‘ಗಿರಣಿ ಖರ್ಚು’, ಇನ್‌ಡೈರೆಕ್ಟ್ ಕೆಳಗೆ ‘ಲಾರಿ’, ‘ಮಾರಾಟ’, ‘ಕಚೇರಿ’, ‘ಬ್ಯಾಂಕ್ ಮತ್ತು ಬಡ್ಡಿ’. ಲಾರಿ ಎರಡು, ಅಂಗಡಿ ಒಂದು, ಗಿರಣಿ ಒಂದು ಕಾಸ್ಟ್ ಸೆಂಟರ್. ಅಣ್ಣನ ಮತ್ತು ನನ್ನ ಎಲ್‌ಐಸಿ ಕಂತು, ಮನೆಯ ಕರೆಂಟು ಈಗ ಖರ್ಚಿನಲ್ಲಿವೆ. ಅವನ್ನು ಕ್ಯಾಪಿಟಲ್ ಅಕೌಂಟ್ ಕೆಳಗೆ ನಮ್ಮಿಬ್ಬರ ಹೆಸರಿನ ಉಪಗ್ರೂಪ್ ಮಾಡಿ ಡ್ರಾಯಿಂಗ್ಸ್‌ಗೆ (ಸ್ವಂತಕ್ಕೆ ತೆಗೆದ ಹಣ) ಹಾಕಬೇಕೆಂದಿದ್ದೇನೆ. ಖಾಲಿ ಚೀಲದ ಖರೀದಿಯನ್ನು ‘ಗಿರಣಿ ಖರ್ಚು’ ಒಳಗೆ ಹಾಕಬಹುದೇ?

ಶಿವಮೊಗ್ಗ ತೆರಿಗೆ ಸಲಹೆಗಾರ್ತಿ

ಡ್ರಾಯಿಂಗ್ಸ್ ಸರಿಯಾಗಿದೆ, ಮೊದಲೇ ಹಾಗಿರಬೇಕಿತ್ತು. ಚೀಲಕ್ಕೆ ‘ಗಿರಣಿ ಖರ್ಚು’ ಬೇಡ. ಪರ್ಚೇಸ್ ಅಕೌಂಟ್ಸ್ ಕೆಳಗೆ ‘ಪ್ಯಾಕಿಂಗ್ ಸಾಮಗ್ರಿ’ ಎಂದು ಬೇರೆ ಲೆಡ್ಜರ್ ತೆರೆಯಿರಿ. ನೀವು ಸುಗ್ಗಿಗೆ ಮೊದಲು ಸಾವಿರಾರು ಚೀಲಗಳನ್ನು ಒಟ್ಟಿಗೆ ತರಿಸುವವರು, ಮಾರ್ಚ್ 31ಕ್ಕೆ ಬಳಸದೆ ಉಳಿದ ಕಟ್ಟುಗಳನ್ನು ಎಣಿಸಿ ದಾಸ್ತಾನಿನಲ್ಲಿ ತೋರಿಸಬೇಕು. ಖರ್ಚಿನಲ್ಲಿ ಹೂತುಹೋದರೆ ಎಣಿಸಲು ಯಾರಿಗೂ ನೆನಪಾಗುವುದಿಲ್ಲ. 25 ಕಿಲೊ ಮತ್ತು 26 ಕಿಲೊ ಚೀಲಗಳನ್ನು ಸ್ಟಾಕ್ ಐಟಂನಲ್ಲಿ ಬೇರೆ ಬೇರೆ ಮಾಡಿ, ಒಂದರ ತೆರಿಗೆ ಪೂರ್ತಿ ವಾಪಸು ಪಡೆಯಬಹುದು, ಇನ್ನೊಂದರದ್ದು ಇಲ್ಲ.